‘ಹೊಂದಿಕೊಳ್ಳಿ, ಇಲ್ಲವೇ ದೇಶ ಬಿಡಿ’: ಆಸ್ಟ್ರೇಲಿಯಾ ಪ್ರಧಾನಿ ಹೀಗೆ ಹೇಳಿದ್ದು ನಿಜವೇ?

ಆಸ್ಟ್ರೇಲಿಯಾದ ಪ್ರಧಾನಿ ವಲಸಿಗರಿಗೆ ಖಡಕ್ ಎಚ್ಚರಿಕೆ ಕೊಟ್ಟರು ಎನ್ನುವ ಸಂದೇಶ ನಿಮ್ಮ ಮೊಬೈಲಿಗೂ ಒಂದಲ್ಲ ಒಂದು ಸಲ ಬಂದಿರುತ್ತದೆ. ಮೊದಲು ಇಮೇಲ್‌ನಲ್ಲಿ ಓಡಾಡಿತು, ಆಮೇಲೆ ಫೇಸ್‌ಬುಕ್‌ಗೆ ಬಂತು, ಈಗ ವಾಟ್ಸಾಪ್ ಗ್ರೂಪುಗಳಲ್ಲಿ ಸುತ್ತುತ್ತಿದೆ. ನಡುನಡುವೆ ಕೆಲವು ತಿಂಗಳು ತಣ್ಣಗಿದ್ದು, ಎಲ್ಲಾದರೂ ಗಲಾಟೆಯಾದ ಕೂಡಲೇ ಮತ್ತೆ ಎದ್ದು ಕೂರುತ್ತದೆ.

ಅದರ ಒಟ್ಟು ಸಾರ ಇಷ್ಟು: ಹೊಂದಿಕೊಳ್ಳಬೇಕಾದವರು ವಲಸೆ ಬಂದವರೇ ಹೊರತು ಆಸ್ಟ್ರೇಲಿಯನ್ನರಲ್ಲ. ನಮ್ಮ ಭಾಷೆ ಇಂಗ್ಲಿಷ್, ಬೇಕಿದ್ದರೆ ಕಲಿತುಕೊಳ್ಳಿ. ನಮ್ಮಲ್ಲಿ ಹೆಚ್ಚಿನವರು ದೇವರನ್ನು ನಂಬುತ್ತೇವೆ, ಈ ದೇಶ ಕಟ್ಟಿದವರು ಕ್ರೈಸ್ತರು, ಅದು ನಿಮಗೆ ಹಿಡಿಸದಿದ್ದರೆ ಬೇರೆ ದೇಶ ನೋಡಿಕೊಳ್ಳಿ. ನಿಮ್ಮನ್ನು ನಾವೇನೂ ಬಲವಂತವಾಗಿ ಕರೆತಂದಿಲ್ಲ. ಕೊನೆಯಲ್ಲಿ, ಮೂಲದಲ್ಲಿ ಇಲ್ಲದ ಒಂದು ಸಾಲನ್ನು ನಮ್ಮವರು ಸೇರಿಸಿರುತ್ತಾರೆ: ನಮ್ಮ ನಾಯಕರೂ ಇವರನ್ನು ನೋಡಿ ಕಲಿಯಲಿ, ಎಲ್ಲ ಗ್ರೂಪಿಗೂ ಕಳಿಸಿ.

ಪ್ರಧಾನಿಯ ಹೆಸರು ಮಾತ್ರ ಆಗಾಗ ಬದಲಾಗುತ್ತದೆ. ಒಮ್ಮೆ ಜಾನ್ ಹೊವಾರ್ಡ್, ಒಮ್ಮೆ ಕೆವಿನ್ ರಡ್, ಒಮ್ಮೆ ಜೂಲಿಯಾ ಗಿಲ್ಲಾರ್ಡ್. ಒಂದೇ ಭಾಷಣವನ್ನು ಅಕ್ಷರವೂ ಬದಲಾಗದಂತೆ, ಎದುರಾಳಿ ಪಕ್ಷಗಳ ಮೂವರು ಪ್ರಧಾನಿಗಳು ಮಾಡಿದರೆಂದರೆ ಅಲ್ಲೇ ಅನುಮಾನ ಬರಬೇಕಿತ್ತು.

ಆ ಮಾತುಗಳನ್ನು ಮೂವರಲ್ಲಿ ಯಾರೂ ಆಡಿಲ್ಲ. ಅವು ಆಸ್ಟ್ರೇಲಿಯಾದವೇ ಅಲ್ಲ.

ಬರೆದವರು ಯಾರು?

ಮೂಲ ಬರಹ ಅಮೆರಿಕದ್ದು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ, ಜಾರ್ಜಿಯಾ ರಾಜ್ಯದಲ್ಲಿದ್ದ ವಾಯುಪಡೆಯ ಮಾಜಿ ಯೋಧ ಬ್ಯಾರಿ ಲೌಡರ್‌ಮಿಲ್ಕ್ ಎಂಬವರು ಸ್ಥಳೀಯ ಪತ್ರಿಕೆಯೊಂದಕ್ಕೆ ಬರೆದ ಅಭಿಪ್ರಾಯ ಲೇಖನ ಅದು. ಅಮೆರಿಕಕ್ಕೆ ಬಂದವರು ಅಮೆರಿಕನ್ನರಂತೆ ಬದುಕಬೇಕು ಎಂಬುದು ಅವರ ವಾದ. ಮುಂದೆ 2014ರ ಚುನಾವಣೆಯಲ್ಲಿ ಗೆದ್ದು ಅವರು ಅಮೆರಿಕದ ಸಂಸತ್ತಿಗೂ ಹೋದರು. ಅಂದರೆ ಬರೆದವರು ಅನಾಮಧೇಯರೇನಲ್ಲ, ಮೂಲವೂ ಗುಟ್ಟಿನದ್ದಲ್ಲ.

ಕೆಲವು ವರ್ಷಗಳ ನಂತರ ಯಾರೋ ಆ ಲೇಖನದಲ್ಲಿ ಅಮೆರಿಕ ಎಂದಿದ್ದಲ್ಲಿ ಆಸ್ಟ್ರೇಲಿಯಾ ಎಂದು ಹಾಕಿದರು. ಸೆಪ್ಟೆಂಬರ್ 11 ಇದ್ದ ಕಡೆ ಬಾಲಿ ದ್ವೀಪದ ಬಾಂಬ್ ದಾಳಿ ಬಂತು. 2002ರ ಅಕ್ಟೋಬರ್ 12ರಂದು ನಡೆದ ಆ ದಾಳಿಯಲ್ಲಿ ಸತ್ತ 202 ಜನರಲ್ಲಿ 88 ಮಂದಿ ಆಸ್ಟ್ರೇಲಿಯನ್ನರು, ಹಾಗಾಗಿ ಓದಿದವರಿಗೆ ಅನುಮಾನ ಬರಲಿಲ್ಲ. ಆದರೆ ತಿದ್ದಿದವರ ಕೈ ಎಲ್ಲ ಕಡೆ ಆಡಿಲ್ಲ. ವಲಸಿಗರು ಮಾತಾಡಬಾರದ ಭಾಷೆಗಳ ಪಟ್ಟಿಯಲ್ಲಿ ಮೊದಲ ಹೆಸರು ಸ್ಪ್ಯಾನಿಷ್ ಎಂದೇ ಉಳಿದುಬಿಟ್ಟಿದೆ. ಸ್ಪ್ಯಾನಿಷ್ ಬಗ್ಗೆ ತಲೆಕೆಡಿಸಿಕೊಳ್ಳುವುದು ಮೆಕ್ಸಿಕೊದ ಪಕ್ಕದಲ್ಲಿರುವ ಅಮೆರಿಕ. ಆಸ್ಟ್ರೇಲಿಯಾದ ಮನೆಗಳಲ್ಲಿ ಇಂಗ್ಲಿಷ್ ಬಿಟ್ಟರೆ ಹೆಚ್ಚು ಕೇಳುವುದು ಮ್ಯಾಂಡರಿನ್, ಅರೇಬಿಕ್, ವಿಯೆಟ್ನಾಮೀಸ್, ಕ್ಯಾಂಟನೀಸ್, ಪಂಜಾಬಿ. ಪಟ್ಟಿಗೆ ಸ್ಥಳೀಯ ಬಣ್ಣ ಕೊಡಲು ‘ಲೆಬನೀಸ್’ ಎಂಬ ಭಾಷೆಯನ್ನೂ ತುರುಕಿದ್ದಾರೆ. ಲೆಬನಾನ್ ದೇಶದ ಭಾಷೆ ಅರೇಬಿಕ್, ಅದು ಪಟ್ಟಿಯಲ್ಲಿ ಬೇರೆಯಾಗಿ ಇದ್ದೇ ಇದೆ!

ಹಾಗಾದರೆ ಪೂರ್ತಿ ಸುಳ್ಳೇ?

ಪೂರ್ತಿ ಅಲ್ಲ. ಇಷ್ಟು ವರ್ಷ ಬಾಳಿದ ಫಾರ್ವರ್ಡ್‌ಗಳಲ್ಲಿ ಸಾಮಾನ್ಯವಾಗಿ ಒಂದು ಚಿಟಿಕೆ ನಿಜ ಬೆರೆತಿರುತ್ತದೆ, ಅದಕ್ಕೇ ಅವು ಬಾಳುತ್ತವೆ.

2005ರ ಜುಲೈನಲ್ಲಿ ಲಂಡನ್ನಿನಲ್ಲಿ ಬಾಂಬ್ ದಾಳಿ ನಡೆಯಿತು. ಮರುತಿಂಗಳು ಪ್ರಧಾನಿ ಹೊವಾರ್ಡ್ ಕ್ಯಾನ್‌ಬೆರಾದಲ್ಲಿ ಮುಸ್ಲಿಂ ಮುಖಂಡರ ಸಭೆ ಕರೆದರು. ಆ ದಿನಗಳಲ್ಲೇ ಶಿಕ್ಷಣ ಸಚಿವ ಬ್ರೆಂಡನ್ ನೆಲ್ಸನ್, ಆಸ್ಟ್ರೇಲಿಯಾದ ಮೌಲ್ಯಗಳನ್ನು ಒಪ್ಪಲಾರದವರು ಜಾಗ ಖಾಲಿ ಮಾಡಲಿ ಎಂಬರ್ಥದ ಮಾತಾಡಿದ್ದು ನಿಜ. 2006ರ ಫೆಬ್ರವರಿಯಲ್ಲಿ ಹಣಕಾಸು ಖಾತೆಯ ಪೀಟರ್ ಕಾಸ್ಟೆಲ್ಲೊ ಸಿಡ್ನಿಯ ಒಂದು ಭಾಷಣದಲ್ಲಿ, ಷರಿಯಾ ಕಾನೂನಿನಡಿ ಬದುಕುವ ಇಚ್ಛೆಯುಳ್ಳವರು ಅದಿರುವ ದೇಶಕ್ಕೆ ಹೋಗಬಹುದು ಎಂಬ ಧಾಟಿಯಲ್ಲಿ ಮಾತಾಡಿದ್ದೂ ನಿಜ. ಅದಕ್ಕೂ ಮೊದಲು, 2001ರ ಚುನಾವಣೆಯನ್ನು ಹೊವಾರ್ಡ್ ಎದುರಿಸಿದ್ದೇ ನಮ್ಮ ದೇಶಕ್ಕೆ ಯಾರು ಬರಬೇಕು, ಹೇಗೆ ಬರಬೇಕು ಎನ್ನುವುದನ್ನು ನಾವೇ ತೀರ್ಮಾನಿಸುತ್ತೇವೆ ಎಂಬ ಘೋಷಣೆಯೊಂದಿಗೆ.

ಈ ಸುದ್ದಿಗಳ ಒಂದೆರಡು ಸಾಲನ್ನು ಮೇಲೆ ಇಟ್ಟು, ಕೆಳಗೆ ಅಮೆರಿಕದ ಲೇಖನವನ್ನು ಅಂಟಿಸಿದರೆ ನಮ್ಮ ಫಾರ್ವರ್ಡ್ ತಯಾರು. ಮೇಲಿನ ಸಾಲುಗಳನ್ನು ಗೂಗಲ್ ಮಾಡಿದವರಿಗೆ ಹಳೆಯ ಸುದ್ದಿ ಸಿಗುತ್ತದೆ, ‘ಓ, ನಿಜವೇ’ ಎಂದುಕೊಂಡು ಉಳಿದದ್ದನ್ನೂ ನಂಬುತ್ತಾರೆ.

ಯಾರ ಬಾಯಿಗೆ ಯಾವ ಮಾತು

ಹೊವಾರ್ಡ್ ಹೆಸರು ಹಾಕಿದ್ದು ಅಷ್ಟೇನೂ ಅಸಹಜ ಅನ್ನಿಸುವುದಿಲ್ಲ. ಉಳಿದ ಇಬ್ಬರ ವಿಷಯ ನೋಡಿದರೆ ನಗು ಬರುತ್ತದೆ.

ಜೂಲಿಯಾ ಗಿಲ್ಲಾರ್ಡ್ ಹುಟ್ಟಿದ್ದು ಬ್ರಿಟನ್ನಿನ ವೇಲ್ಸ್‌ನಲ್ಲಿ. ಚಿಕ್ಕಂದಿನಲ್ಲಿ ಅವರಿಗೆ ಶ್ವಾಸಕೋಶದ ಕಾಯಿಲೆಯಿತ್ತು, ಬೆಚ್ಚಗಿನ ಹವೆಯಿರುವ ಕಡೆ ಹೋದರೆ ಒಳ್ಳೆಯದು ಎಂಬ ಸಲಹೆ ಬಂತು, 1966ರಲ್ಲಿ ಕುಟುಂಬ ಅಡಿಲೇಡ್‌ಗೆ ಬಂದಿಳಿಯಿತು. ಅಂದರೆ ವಲಸಿಗರಿಗೆ ‘ಹೊರಡಿ’ ಎಂದರೆನ್ನಲಾದ ಪ್ರಧಾನಿ ಸ್ವತಃ ವಲಸಿಗರು. 2010ರ ಜೂನ್‌ನಲ್ಲಿ ಪ್ರಧಾನಿಯಾದ ಕೆಲವೇ ದಿನಕ್ಕೆ ರೇಡಿಯೊ ಸಂದರ್ಶನದಲ್ಲಿ ತಮಗೆ ದೇವರಲ್ಲಿ ನಂಬಿಕೆಯಿಲ್ಲ ಎಂದು ಅವರು ನೇರವಾಗಿ ಹೇಳಿದರು. ಪ್ರಮಾಣವಚನವನ್ನೂ ಬೈಬಲ್ ಹಿಡಿದು ತೆಗೆದುಕೊಳ್ಳಲಿಲ್ಲ. ಅಂಥವರ ಬಾಯಲ್ಲಿ ‘ನಮ್ಮ ದೇವರು ಹಿಡಿಸದಿದ್ದರೆ ಬೇರೆ ದೇಶ ನೋಡಿಕೊಳ್ಳಿ’ ಎಂದು ಆಡಿಸಿದ್ದಾರೆ ನಮ್ಮ ಫಾರ್ವರ್ಡ್ ವೀರರು.

ಕೆವಿನ್ ರಡ್ ವಿಷಯ ನಗುವಂಥದ್ದಲ್ಲ. ಅವರ ಹೆಸರಿನಲ್ಲಿ ನಿಜವಾಗಿ ಉಳಿದಿರುವ ಭಾಷಣ ಬೇರೆ. ಅದು 2008ರ ಫೆಬ್ರವರಿ 13ರಂದು ಪಾರ್ಲಿಮೆಂಟಿನಲ್ಲಿ ಕೇಳಿದ ಕ್ಷಮೆ. ಇಪ್ಪತ್ತನೆಯ ಶತಮಾನದ ಹೆಚ್ಚಿನ ಭಾಗ, 1970ರ ಆಸುಪಾಸಿನವರೆಗೂ, ಸರ್ಕಾರಿ ಅಧಿಕಾರಿಗಳು ಮತ್ತು ಚರ್ಚ್ ಸಂಸ್ಥೆಗಳು ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋಗುತ್ತಿದ್ದವು. ಮಕ್ಕಳನ್ನು ಬಿಳಿಯರ ಸಂಸ್ಕೃತಿಗೆ ಹೊಂದಿಸುವುದೇ ಉದ್ದೇಶ. ಅನೇಕ ಕಡೆ ಆ ಮಕ್ಕಳು ತಮ್ಮ ಮಾತೃಭಾಷೆ ಆಡಿದರೆ ಶಿಕ್ಷೆ. ಎಷ್ಟೋ ಜನ ಅಮ್ಮನ ಮುಖ ಮತ್ತೆ ನೋಡಲೇ ಇಲ್ಲ. ‘ಕದ್ದೊಯ್ದ ತಲೆಮಾರುಗಳು’ ಎಂದೇ ಅವರನ್ನು ಕರೆಯುತ್ತಾರೆ. 1997ರಲ್ಲಿ ಇದರ ಬಗ್ಗೆ ದೊಡ್ಡ ವರದಿ ಬಂದರೂ ಹೊವಾರ್ಡ್ ಸರ್ಕಾರ ಅಧಿಕೃತ ಕ್ಷಮೆಗೆ ಒಪ್ಪಿರಲಿಲ್ಲ. ರಡ್ ಪ್ರಧಾನಿಯಾಗಿ ಎರಡೂವರೆ ತಿಂಗಳಾಗುವ ಮೊದಲೇ ಆ ಕೆಲಸ ಮಾಡಿದರು. ಪಾರ್ಲಿಮೆಂಟಿನ ಗ್ಯಾಲರಿಯಲ್ಲಿ ಕೂತು ಕಣ್ಣೊರೆಸಿಕೊಂಡವರಲ್ಲಿ ಬಾಲ್ಯದಲ್ಲಿ ಹೀಗೆ ಮನೆ ಕಳೆದುಕೊಂಡ ವೃದ್ಧರಿದ್ದರು.

‘ನಮ್ಮಂತೆ ಆಗಿ’ ಎಂದು ಬಲವಂತ ಮಾಡಿದ್ದಕ್ಕೆ ದೇಶದ ಪರವಾಗಿ ಕ್ಷಮೆ ಕೇಳಿದ ಮನುಷ್ಯ ಇವರು. ಅವರ ಫೋಟೊದ ಕೆಳಗೇ ‘ನಮ್ಮಂತೆ ಆಗಿ, ಇಲ್ಲ ಹೊರಡಿ’ ಎಂಬ ಮಾತು ಊರೂರು ತಿರುಗುತ್ತಿದೆ.

ದೇವರು, ಭಾಷೆ, ಕಾನೂನು

ಈಗ ಸಂದೇಶದ ಒಂದೊಂದೇ ಮಾತನ್ನು ನೋಡೋಣ. ಹೆಚ್ಚಿನವರು ದೇವರನ್ನು ನಂಬುತ್ತಾರೆ, ಇದು ಕ್ರೈಸ್ತ ದೇಶ ಎನ್ನುವುದು ಮೊದಲನೆಯದು. 2021ರ ಜನಗಣತಿಯಲ್ಲಿ ತಮ್ಮನ್ನು ಕ್ರೈಸ್ತರೆಂದು ಬರೆಸಿದವರು ಶೇ 43.9. ಯಾವ ಧರ್ಮವೂ ಇಲ್ಲ ಎಂದವರು ಶೇ 38.9. ಮುಸ್ಲಿಮರು ಶೇ 3.2, ಹಿಂದೂಗಳು ಶೇ 2.7. ಸಂವಿಧಾನದ 116ನೇ ಸೆಕ್ಷನ್ ಇನ್ನೂ ಸ್ಪಷ್ಟ: ಕೇಂದ್ರ ಸರ್ಕಾರ ಯಾವ ಧರ್ಮವನ್ನೂ ಅಧಿಕೃತ ಮಾಡುವಂತಿಲ್ಲ, ಯಾರ ಆಚರಣೆಯನ್ನೂ ತಡೆಯುವಂತಿಲ್ಲ, ಸರ್ಕಾರಿ ಹುದ್ದೆಗೆ ಧರ್ಮ ಕೇಳುವಂತಿಲ್ಲ. ಇದು 1901ರಿಂದಲೂ ಇದೆ.

ಹೊಸದಾಗಿ ಪೌರತ್ವ ಪಡೆಯುವವರು ಎದ್ದು ನಿಂತು ಪ್ರತಿಜ್ಞೆ ಮಾಡಬೇಕು. ಅದು ಎರಡು ರೂಪದಲ್ಲಿದೆ: ದೇವರ ಹೆಸರು ಇರುವುದು ಒಂದು, ಇಲ್ಲದಿರುವುದು ಇನ್ನೊಂದು. ಯಾವುದು ಬೇಕೋ ನೀವೇ ಆರಿಸಿಕೊಳ್ಳಬಹುದು. ದೇವರು ಬೇಡವೆಂದವರನ್ನು ಹೊರಗೆ ಹಾಕುವ ದೇಶದಲ್ಲಿ ಇಂಥ ಏರ್ಪಾಡು ಇರುತ್ತಿತ್ತೇ?

ಭಾಷೆಯ ವಿಷಯದಲ್ಲಿ ಫಾರ್ವರ್ಡ್ ಅರ್ಧ ಸರಿ. ಇಂಗ್ಲಿಷ್ ಆ ದೇಶದ ಅಧಿಕೃತ ಭಾಷೆ ಎಂದು ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ, ಆದರೆ ವ್ಯವಹಾರವೆಲ್ಲ ಅದರಲ್ಲೇ. ವೀಸಾಕ್ಕೆ ಅರ್ಜಿ ಹಾಕುವ ವಯಸ್ಕರಲ್ಲಿ ಹೆಚ್ಚಿನವರು ‘ಆಸ್ಟ್ರೇಲಿಯಾದ ಮೌಲ್ಯಗಳ ಹೇಳಿಕೆ’ಗೆ ಒಪ್ಪಿಗೆ ಕೊಡಬೇಕಾಗುತ್ತದೆ. ಮಗ ಮಗಳನ್ನು ನೋಡಲು ಮೆಲ್ಬರ್ನ್‌ಗೆ ಹೋಗಿಬಂದ ಅಪ್ಪ ಅಮ್ಮಂದಿರೂ, ಓದದೆಯೇ ಇರಬಹುದು, ಅದಕ್ಕೆ ಒಪ್ಪಿಗೆ ಕೊಟ್ಟಿರುತ್ತಾರೆ. ಇಂಗ್ಲಿಷನ್ನು ರಾಷ್ಟ್ರೀಯ ಭಾಷೆ ಎಂದು ಕರೆಯುವ ಒಂದು ಸಾಲು ಅದರಲ್ಲಿದೆ. ಉಳಿದ ಸಾಲುಗಳು ಯಾವುವು ಗೊತ್ತೇ? ವ್ಯಕ್ತಿಯ ಸ್ವಾತಂತ್ರ್ಯ ಮತ್ತು ಘನತೆ. ಧರ್ಮದ ಸ್ವಾತಂತ್ರ್ಯ, ಯಾವ ಧರ್ಮವನ್ನೂ ಪಾಲಿಸದಿರುವ ಸ್ವಾತಂತ್ರ್ಯವೂ ಸೇರಿ. ಎಲ್ಲರಿಗೂ ಒಂದೇ ಕಾನೂನು. ಪ್ರಜಾಪ್ರಭುತ್ವ. ಲಿಂಗ, ಜನಾಂಗ, ವಯಸ್ಸು, ಅಂಗವೈಕಲ್ಯ ಯಾವುದನ್ನೂ ನೋಡದೆ ಸಮಾನ ಅವಕಾಶ. ಫಾರ್ವರ್ಡ್ ಓದಿದವರು ಊಹಿಸಿಕೊಳ್ಳುವ ಪಟ್ಟಿ ಇದಲ್ಲ.

ಪೌರತ್ವಕ್ಕೆ ಪರೀಕ್ಷೆಯೂ ಇದೆ, 2007ರಿಂದ. ಇಪ್ಪತ್ತು ಪ್ರಶ್ನೆ, ಶೇ 75 ಅಂಕ ಬೇಕು. 2020ರ ನವೆಂಬರ್‌ನಿಂದ ಮೌಲ್ಯಗಳ ಬಗ್ಗೆ ಐದು ಪ್ರಶ್ನೆ ಸೇರಿಸಿದ್ದಾರೆ, ಆ ಐದಕ್ಕೂ ಸರಿ ಉತ್ತರ ಕೊಡಲೇಬೇಕು. ಅರವತ್ತು ದಾಟಿದವರಿಗೆ ಪರೀಕ್ಷೆ ಇಲ್ಲ. ಇನ್ನು ಇಂಗ್ಲಿಷ್ ಬಾರದವರು ಆಸ್ಪತ್ರೆಗೋ ಸರ್ಕಾರಿ ಕಚೇರಿಗೋ ಹೋದರೆ, 150ಕ್ಕೂ ಹೆಚ್ಚು ಭಾಷೆಗಳ ದುಭಾಷಿಗಳನ್ನು ಫೋನಿನಲ್ಲಿ ಒದಗಿಸುವ ಸೇವೆಯನ್ನು ನಡೆಸುತ್ತಿರುವುದು ಅದೇ ಸರ್ಕಾರ. ಎಸ್‌ಬಿಎಸ್ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆ 60ಕ್ಕೂ ಹೆಚ್ಚು ಭಾಷೆಗಳಲ್ಲಿ ಕಾರ್ಯಕ್ರಮ ಕೊಡುತ್ತದೆ.

ಹಾಗಾದರೆ ಅವರ ಸಂಸ್ಕೃತಿ ಯಾವುದು?

ಆಸ್ಟ್ರೇಲಿಯನ್ನರನ್ನೇ ಕೇಳಿದರೆ ಬಹಳಷ್ಟು ಜನ ‘ಫೇರ್ ಗೋ’ ಎನ್ನುತ್ತಾರೆ. ಮೇಲೆ ಹೇಳಿದ ಮೌಲ್ಯಗಳ ಹೇಳಿಕೆಯಲ್ಲೂ ಈ ಪದ ಇದೆ. ಎಲ್ಲರಿಗೂ ನ್ಯಾಯವಾದ ಅವಕಾಶ ಸಿಗಲಿ, ಯಾರ ಮಗ ಎಂದು ನೋಡಬೇಡ ಎಂಬುದು ಅದರ ಅರ್ಥ. ಇದು ಬರೀ ಮಾತಾಗಿ ಉಳಿದಿಲ್ಲ. 1856ರಲ್ಲಿ ಮೆಲ್ಬರ್ನ್‌ನ ಕಲ್ಲುಕುಟಿಗರು ಕೆಲಸ ನಿಲ್ಲಿಸಿ ಮೆರವಣಿಗೆ ಹೋಗಿ ದಿನಕ್ಕೆ ಎಂಟು ಗಂಟೆ ಕೆಲಸದ ಪದ್ಧತಿ ಗಿಟ್ಟಿಸಿಕೊಂಡರು. 1907ರಲ್ಲಿ ಅಲ್ಲಿನ ನ್ಯಾಯಾಧೀಶರೊಬ್ಬರು, ಕೂಲಿಯನ್ನು ಮಾಲೀಕನ ಲಾಭದ ಲೆಕ್ಕದಲ್ಲಿ ನಿಗದಿ ಮಾಡುವುದಲ್ಲ, ಕಾರ್ಮಿಕನ ಸಂಸಾರ ಮರ್ಯಾದೆಯಿಂದ ಬದುಕಲು ಎಷ್ಟು ಬೇಕೋ ಅಷ್ಟಿರಬೇಕು ಎಂದು ತೀರ್ಪು ಕೊಟ್ಟರು. ಹೆಂಗಸರಿಗೆ ಕೇಂದ್ರ ಚುನಾವಣೆಯಲ್ಲಿ ಮತ ಹಾಕುವ ಹಕ್ಕು 1902ರಲ್ಲೇ ಬಂತು. (ಮೂಲನಿವಾಸಿಗಳಲ್ಲಿ ಬಹುತೇಕರನ್ನು ಆಗ ಹೊರಗಿಟ್ಟರು, ಅವರೆಲ್ಲರಿಗೂ ಹಕ್ಕು ಸಿಕ್ಕಿದ್ದು 1962ರಲ್ಲಿ.)

ದಿನನಿತ್ಯದಲ್ಲಿ ಇದು ಸಣ್ಣಪುಟ್ಟ ಸಂಗತಿಗಳಲ್ಲಿ ಕಾಣುತ್ತದೆ. ಒಬ್ಬರೇ ಟ್ಯಾಕ್ಸಿ ಹತ್ತಿದರೆ ಎಷ್ಟೋ ಜನ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರುತ್ತಾರೆ, ಹಿಂದೆ ಕೂತರೆ ದೊಡ್ಡಸ್ತಿಕೆ ತೋರಿಸಿದಂತೆ ಎಂಬ ಹಳೆಯ ಅಭ್ಯಾಸ. ಪ್ರೊಫೆಸರ್, ಬಾಸ್ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ‘ಸರ್’, ‘ಮೇಡಂ’ ಎಂದು ಅಭ್ಯಾಸವಾದ ನಮ್ಮ ಹುಡುಗರಿಗೆ ಮೊದಲ ಕೆಲವು ತಿಂಗಳು ನಾಲಿಗೆ ಹೊರಳುವುದೇ ಇಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳುವವರನ್ನು ಅವರು ಸಹಿಸುವುದಿಲ್ಲ. ಹೊಲದಲ್ಲಿ ಉಳಿದವಕ್ಕಿಂತ ಎತ್ತರ ಬೆಳೆದ ಗಸಗಸೆ ಹೂವನ್ನು ಕತ್ತರಿಸಿಬಿಡುತ್ತಾರೆ ಎಂಬರ್ಥದ ನುಡಿಗಟ್ಟೇ ಅವರಲ್ಲಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಅಲ್ಲೂ ಮುಗಿದಿಲ್ಲ. ನಿಜವಾಗಿ ಸಾಧನೆ ಮಾಡಿದವರನ್ನೂ ಕೆಳಗೆಳೆಯಲು ಇದು ನೆಪವಾಗುತ್ತದೆ ಎನ್ನುವವರು ಬೇಕಾದಷ್ಟು.

ಹೊಸಬರು ಬೇಸ್ತು ಬೀಳುವ ಒಂದು ಸಂಗತಿ ಹೇಳಲೇಬೇಕು. ಯಾರಾದರೂ ಮನೆಗೆ ಕರೆದು ‘ಒಂದು ಪ್ಲೇಟ್ ತನ್ನಿ’ ಎಂದರೆ ಖಾಲಿ ತಟ್ಟೆ ಹಿಡಿದು ಹೋಗಬೇಡಿ! ಹಂಚಿಕೊಂಡು ತಿನ್ನಲು ಏನಾದರೂ ಮಾಡಿಕೊಂಡು ಬನ್ನಿ ಎಂದು ಅರ್ಥ. ಚಿತ್ರಾನ್ನ ಒಯ್ದರೂ ನಡೆಯುತ್ತದೆ. ತಟ್ಟೆ ಸಾಲದಿರಬಹುದು ಎಂದುಕೊಂಡು ಖಾಲಿ ತಟ್ಟೆ ಒಯ್ದ ವಲಸಿಗರ ಕಥೆಗಳು ಅಲ್ಲಿ ತಲೆಮಾರುಗಳಿಂದ ಚಾಲ್ತಿಯಲ್ಲಿವೆ.

ಮತದಾನ ಅಲ್ಲಿ ಕಡ್ಡಾಯ, 1924ರಿಂದ. ಸರಿಯಾದ ಕಾರಣವಿಲ್ಲದೆ ಕೇಂದ್ರ ಚುನಾವಣೆಯಲ್ಲಿ ಮತ ಹಾಕದಿದ್ದರೆ 20 ಡಾಲರ್ ದಂಡ. ಶೇ 90ರ ಆಸುಪಾಸಿನಲ್ಲಿ ಜನ ಮತ ಹಾಕುತ್ತಾರೆ. ಚುನಾವಣೆ ನಡೆಯುವುದು ಶನಿವಾರ, ಬಹುಪಾಲು ಶಾಲೆಗಳಲ್ಲಿ. ಅಂಗಳದಲ್ಲಿ ಪೋಷಕರು ಒಲೆ ಹೂಡಿ ಸಾಸೇಜ್ ಸುಟ್ಟು, ಬ್ರೆಡ್ಡಿನಲ್ಲಿ ಸುತ್ತಿ ಮಾರುತ್ತಾರೆ, ಹಣ ಶಾಲೆಗೆ ಹೋಗುತ್ತದೆ. ‘ಡೆಮಾಕ್ರಸಿ ಸಾಸೇಜ್’ ಎಂದೇ ಅದಕ್ಕೆ ಹೆಸರು, 2016ರಲ್ಲಿ ಅಲ್ಲಿನ ನಿಘಂಟು ಕೇಂದ್ರ ಅದನ್ನು ವರ್ಷದ ಪದವೆಂದು ಆರಿಸಿತು. ಈಗ ತರಕಾರಿಯದ್ದೂ ಹಲವು ಕಡೆ ಸಿಗುತ್ತದೆ.

ದೇಶ ನಿಜವಾಗಿ ಗಂಭೀರವಾಗುವ ದಿನ ಏಪ್ರಿಲ್ 25. 1915ರಲ್ಲಿ ಅದೇ ದಿನ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪಡೆಗಳು ಟರ್ಕಿಯ ಗಲಿಪೊಲಿ ತೀರದಲ್ಲಿ ಇಳಿದವು. ಎಂಟು ತಿಂಗಳ ಆ ಯುದ್ಧದಲ್ಲಿ 8,000ಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಸತ್ತರು, ಗೆದ್ದದ್ದು ಏನೂ ಇಲ್ಲ. ಆದರೂ ಆ್ಯನ್‌ಜಾಕ್ ದಿನದ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಊರೂರಿನ ಸ್ಮಾರಕದ ಮುಂದೆ ಜನ ಮೌನವಾಗಿ ನಿಲ್ಲುತ್ತಾರೆ. ಸೋತ ಯುದ್ಧದಲ್ಲಿ ಜೊತೆಗಾರನನ್ನು ಬಿಟ್ಟು ಓಡದ ಸ್ನೇಹ, ಅವರ ಮಾತಿನಲ್ಲಿ ‘ಮೇಟ್‌ಶಿಪ್’, ಅಲ್ಲಿಂದ ಬಂತು ಎನ್ನುತ್ತಾರೆ. ಆ ತೀರದಲ್ಲಿ ಸಾವಿರಾರು ಭಾರತೀಯ ಸೈನಿಕರೂ ಇದ್ದರು. ಗುಂಡಿನ ಮಳೆಯ ನಡುವೆ ಹೇಸರಗತ್ತೆಗಳ ಮೇಲೆ ನೀರು, ಮದ್ದುಗುಂಡು ಹೊತ್ತು ಮೇಲಿನ ಕಂದಕಗಳಿಗೆ ಮುಟ್ಟಿಸಿದ್ದು ಅವರೇ.

‘ಬಲವಂತವಾಗಿ ಕರೆತಂದಿಲ್ಲ’

ಫಾರ್ವರ್ಡ್‌ನಲ್ಲಿ ನಮಗೆ ಅತಿ ವಿಚಿತ್ರವಾಗಿ ಕಂಡದ್ದು ಈ ಮಾತು. 1788ರ ಜನವರಿ 26ರಂದು ಸಿಡ್ನಿಯಲ್ಲಿ ಬಂದಿಳಿದ ಮೊದಲ ಬ್ರಿಟಿಷ್ ಹಡಗುಗಳ ತುಂಬ ಇದ್ದದ್ದು ಕೈದಿಗಳು. ಅಲ್ಲಿಂದ 1868ರವರೆಗೆ ಸುಮಾರು 1,62,000 ಕೈದಿಗಳನ್ನು ಬ್ರಿಟನ್ ಅಲ್ಲಿಗೆ ಸಾಗಿಸಿತು. ಬಲವಂತವಾಗಿ ಬಂದವರಿಂದಲೇ ಶುರುವಾದ ವಸಾಹತು ಅದು!

ಅವರು ಬರುವ ಹೊತ್ತಿಗೆ ಆ ನೆಲದಲ್ಲಿ ಜನ ಐವತ್ತು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಬಾಳುತ್ತಿದ್ದರು, 250ಕ್ಕೂ ಹೆಚ್ಚು ಭಾಷೆಗಳನ್ನು ಆಡುತ್ತಿದ್ದರು. ಆ ಭಾಷೆಗಳಲ್ಲೊಂದರ ಪದ ನಿಮಗೂ ಗೊತ್ತು: ಕಾಂಗರೂ. ಬಿಳಿಯರು ಪ್ರಾಣಿಯ ಹೆಸರು ಕೇಳಿದಾಗ ಸ್ಥಳೀಯರು ‘ಗೊತ್ತಿಲ್ಲ’ ಎಂದರಂತೆ, ಅದೇ ಹೆಸರಾಯಿತಂತೆ ಎಂಬ ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತದೆ. ಅದೂ ಸುಳ್ಳು. ಗೂಗು ಯಿಮಿದಿರ್ ಭಾಷೆಯಲ್ಲಿ ಒಂದು ಜಾತಿಯ ಕಾಂಗರೂವಿನ ಹೆಸರೇ ‘ಗಂಗುರು’. 1770ರಲ್ಲಿ ಕ್ಯಾಪ್ಟನ್ ಕುಕ್‌ನ ತಂಡ ಅದನ್ನು ಬರೆದುಕೊಂಡಿತು.

ಹಾಗಿದ್ದರೂ ಈ ನೆಲ ಯಾರಿಗೂ ಸೇರಿದ್ದಲ್ಲ ಎಂಬ ನಂಬಿಕೆಯ ಮೇಲೆ ಬ್ರಿಟಿಷ್ ಕಾನೂನು ನಿಂತಿತ್ತು. ಅಲ್ಲಿನ ಹೈಕೋರ್ಟ್, ಅಂದರೆ ಆ ದೇಶದ ಸರ್ವೋಚ್ಚ ನ್ಯಾಯಾಲಯ, ಅದನ್ನು ತಪ್ಪೆಂದು ಹೇಳಿದ್ದು 1992ರಲ್ಲಿ, ಎಡಿ ಮಾಬೊ ಪ್ರಕರಣದಲ್ಲಿ.

1863ರಿಂದ 1904ರ ನಡುವೆ ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿನ ಗದ್ದೆಗಳಿಗೆ ಪೆಸಿಫಿಕ್ ದ್ವೀಪಗಳಿಂದ ಸುಮಾರು 62,000 ಜನರನ್ನು ತಂದರು. ಅನೇಕರನ್ನು ಮೋಸದಿಂದ, ಕೆಲವರನ್ನು ಎತ್ತಿಹಾಕಿಕೊಂಡೇ. 1901ರಲ್ಲಿ ಆಸ್ಟ್ರೇಲಿಯಾ ಒಂದು ರಾಷ್ಟ್ರವಾಯಿತು, ಆ ವರ್ಷವೇ ಅವರನ್ನು ವಾಪಸ್ ಕಳಿಸುವ ಕಾನೂನು ಮಾಡಿತು.

ಅದೇ 1901ರಲ್ಲಿ ಬಂದ ಇನ್ನೊಂದು ಕಾನೂನು ನಮಗೆ ನೇರವಾಗಿ ಸಂಬಂಧಿಸಿದ್ದು. ‘ಬಿಳಿ ಆಸ್ಟ್ರೇಲಿಯಾ ನೀತಿ’ ಎಂದು ಹೆಸರಾದ ವ್ಯವಸ್ಥೆಯ ಬುಡ ಅದು. ಕಾನೂನಿನಲ್ಲಿ ‘ಏಷ್ಯಾದವರು ಬರಬೇಡಿ’ ಎಂದು ಬರೆದಿರಲಿಲ್ಲ, ಉಕ್ತಲೇಖನ ಬರೆಸುತ್ತಿದ್ದರು ಅಷ್ಟೇ. ಬಂದರಿನ ಅಧಿಕಾರಿ ಯಾವುದಾದರೊಂದು ಯುರೋಪಿಯನ್ ಭಾಷೆಯಲ್ಲಿ ಐವತ್ತು ಪದ ಓದುತ್ತಾನೆ, ಬಂದವರು ತಪ್ಪಿಲ್ಲದೆ ಬರೆಯಬೇಕು. ಯಾವ ಭಾಷೆ ಎನ್ನುವುದು ಅಧಿಕಾರಿಯ ಇಷ್ಟ. ಇಂಗ್ಲಿಷ್ ಚೆನ್ನಾಗಿ ಬಂದರೆ ಫ್ರೆಂಚ್, ಅದೂ ಬಂದರೆ ಮತ್ತೊಂದು. 1909ರ ನಂತರ ಈ ಪರೀಕ್ಷೆಗೆ ಕೂತ ಒಬ್ಬರೂ ಪಾಸಾಗಲಿಲ್ಲ. 1934ರಲ್ಲಿ ಎಗಾನ್ ಕಿಶ್ ಎಂಬ ನಾಜಿ ವಿರೋಧಿ ಪತ್ರಕರ್ತ ಬಂದರು. ಹಲವಾರು ಭಾಷೆ ಬಲ್ಲವರು, ಯಾವುದರಲ್ಲಿ ಫೇಲ್ ಮಾಡುವುದು? ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಬರೆಸಿದರು! ಕಾನೂನು ಹೇಳುವ ಅರ್ಥದಲ್ಲಿ ಅದು ಯುರೋಪಿಯನ್ ಭಾಷೆಯಲ್ಲ ಎಂದು ಹೈಕೋರ್ಟ್ ಪರೀಕ್ಷೆಯನ್ನು ತಳ್ಳಿಹಾಕಿತು.

ಉಕ್ತಲೇಖನ ನಿಂತದ್ದು 1958ರಲ್ಲಿ. ಬಿಳಿಯರಿಗೆ ಮೊದಲ ಮಣೆ ಎಂಬ ನೀತಿ ಪೂರ್ತಿ ಕೊನೆಯಾದದ್ದು 1973ರಲ್ಲಿ, ಗಾಫ್ ವಿಟ್ಲಮ್ ಸರ್ಕಾರದ ಕಾಲಕ್ಕೆ. ಅದಕ್ಕೂ ಮುಂಚೆ ಭಾರತೀಯರು ಅಲ್ಲಿರಲಿಲ್ಲ ಎಂದಲ್ಲ. 1860ರಿಂದಲೇ ಒಂಟೆಗಳ ಜೊತೆ ಪಂಜಾಬ್, ಸಿಂಧ್, ಬಲೂಚಿಸ್ತಾನ, ಪೆಶಾವರಗಳ ಕಡೆಯವರು ಬಂದು ಮರುಭೂಮಿಯ ಉದ್ದಗಲಕ್ಕೂ ಸಾಮಾನು ಸಾಗಿಸಿದ್ದರು. ಎಲ್ಲರನ್ನೂ ಒಟ್ಟಿಗೆ ಆಫ್ಘನ್ನರು ಎಂದು ಕರೆದರು, ಅಡಿಲೇಡ್‌ನಿಂದ ಡಾರ್ವಿನ್‌ಗೆ ಓಡುವ ರೈಲಿಗೆ ಇಂದಿಗೂ ‘ದಿ ಘಾನ್’ ಎಂದು ಹೆಸರು. ಅವರು ಕಟ್ಟಿಸಿದ ಅಡಿಲೇಡ್‌ನ ಮಸೀದಿ 1880ರ ದಶಕದ್ದು. ಆದರೆ ಒಬ್ಬ ಸಾಮಾನ್ಯ ಕನ್ನಡಿಗ ಓದು, ಕೆಲಸ ಎಂದು ಹೋಗಿ ಅಲ್ಲೇ ಮನೆ ಮಾಡುವುದು 1950ರಲ್ಲಿ ಹೆಚ್ಚುಕಡಿಮೆ ಆಗದ ಮಾತು. ‘ಹೊಂದಿಕೊಳ್ಳಿ’ ಎಂದು ಕೂಡ ಆಗ ಯಾರೂ ಹೇಳುತ್ತಿರಲಿಲ್ಲ, ಒಳಗೇ ಬಿಡುತ್ತಿರಲಿಲ್ಲ.

ಇವತ್ತು ಪರಿಸ್ಥಿತಿ ಬೇರೆ. 2021ರ ಜನಗಣತಿಯ ಪ್ರಕಾರ ಆಸ್ಟ್ರೇಲಿಯಾದ 2.54 ಕೋಟಿ ಜನರಲ್ಲಿ ಶೇ 27.6 ಮಂದಿ ಹೊರದೇಶದಲ್ಲಿ ಹುಟ್ಟಿದವರು. ಹೀಗೆ ಹೊರಗೆ ಹುಟ್ಟಿದವರಲ್ಲಿ ಇಂಗ್ಲೆಂಡ್ ಬಿಟ್ಟರೆ ಅತಿ ಹೆಚ್ಚು ಇರುವುದು ಭಾರತದಲ್ಲಿ ಹುಟ್ಟಿದವರು, 6,73,000ಕ್ಕೂ ಹೆಚ್ಚು. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಕನ್ನಡ ಸಂಘಗಳಿವೆ, ನವೆಂಬರ್ ಬಂದರೆ ರಾಜ್ಯೋತ್ಸವ ನಡೆಯುತ್ತದೆ. ಈ ಫಾರ್ವರ್ಡ್ ಓದಿ ಬೆಂಗಳೂರಿನಲ್ಲಿ ‘ಭೇಷ್’ ಎನ್ನುವವರಲ್ಲಿ ಕೆಲವರ ಮಕ್ಕಳೇ ಅದು ಹೊರಡಿ ಎನ್ನುತ್ತಿರುವ ವಲಸಿಗರು.

ಎಲ್ಲ ಸರಿಹೋಗಿದೆ ಎಂದೂ ನಾವು ಹೇಳುತ್ತಿಲ್ಲ. 2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಸಾಲುಸಾಲು ಹಲ್ಲೆಗಳಾಗಿ ಸಾವಿರಾರು ಜನ ಬೀದಿಗಿಳಿದದ್ದು ನೆನಪಿರಬಹುದು. ಮೂಲನಿವಾಸಿಗಳಿಗೆ ಪಾರ್ಲಿಮೆಂಟಿಗೆ ಸಲಹೆ ಕೊಡುವ ಒಂದು ಸಂಸ್ಥೆ ಇರಲಿ ಎಂದು 2023ರ ಅಕ್ಟೋಬರ್ 14ರಂದು ಜನಮತ ಕೇಳಿದಾಗ ಸುಮಾರು ಶೇ 60 ಮಂದಿ ಬೇಡ ಎಂದರು. ರಾಷ್ಟ್ರೀಯ ದಿನವಾದ ಜನವರಿ 26 ಹಲವರಿಗೆ ಹಬ್ಬ, ಮೂಲನಿವಾಸಿಗಳಲ್ಲಿ ಅನೇಕರಿಗೆ ದಾಳಿಯ ದಿನ. ಪ್ರತಿ ವರ್ಷ ಒಂದು ಕಡೆ ಪಟಾಕಿ, ಇನ್ನೊಂದು ಕಡೆ ಪ್ರತಿಭಟನೆ. ನಮಗೆ ಗಣರಾಜ್ಯೋತ್ಸವ ಅದೇ ದಿನ ಬರುವುದು ಬರೀ ಕಾಕತಾಳೀಯ.

ಮುಂದಿನ ಸಲ ಈ ಸಂದೇಶ ಬಂದಾಗ ಪ್ರಧಾನಿಯ ಹೆಸರು ಹೊಸದಾಗಿರಬಹುದು. ಭಾಷೆಗಳ ಪಟ್ಟಿ ಸಿಕ್ಕರೆ ನೋಡಿ, ಸ್ಪ್ಯಾನಿಷ್ ಮೊದಲು ಇರುತ್ತದೆ.